ಒಣಮರದ ಹತ್ತಿರ ನಿಲ್ಲುವ ಮೋಟಾರು

ಕಬಿನಿ ಹಿನ್ನೀರಿನ ಒಂದು ದೆವ್ವವನ್ನು ನಾನು ಸ್ಪ್ಯಾನರ್ ಹಾಕಿ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಗ್ರೀಸ್ ಹಚ್ಚಿ, ಮತ್ತೆ ಜೋಡಿಸಿ ಅದರ ಜಾಗಕ್ಕೆ ಕಳಿಸಿಕೊಟ್ಟಿದ್ದೇನೆ. ಜೋಡಿಸುವಾಗ ಉಳಿದುಹೋದ ಎರಡು ವಾಷರು ಈಗಲೂ ನನ್ನ ಡ್ರಾಯರಿನಲ್ಲಿವೆ. ನಂಬದವರು ಹುಣಸೂರಿಗೆ ಬಂದು ನೋಡಬಹುದು.

ನಾನು ಮಹೇಶ್‌ಕುಮಾರ್. ಎಚ್.ಡಿ. ಕೋಟೆ ರಸ್ತೆಯಲ್ಲಿ ನನ್ನ ಎಂಜಿನ್ ರಿಪೇರಿ ಅಂಗಡಿ. ಪಂಪ್‌ಸೆಟ್, ಟಿಲ್ಲರ್, ಔಷಧಿ ಹೊಡೆಯುವ ಮಿಷನ್ನು, ಯಾವುದನ್ನೇ ತನ್ನಿ, ಸದ್ದು ಕೇಳಿಯೇ ಕಾಯಿಲೆ ಹೇಳುತ್ತೇನೆ. ಒಮ್ಮೆ ಆಕಾಶದಲ್ಲಿ ವಿಮಾನ ಹೋಗುವಾಗ ತಲೆಯೆತ್ತಿ ಕೇಳಿ, "ಎಡಗಡೆ ಎಂಜಿನ್ನಿನಲ್ಲಿ ಒಂದು ನಟ್ಟು ಸಡಿಲ ಇದೆ" ಎಂದಿದ್ದೆ. ಅದು ಮೈಸೂರು ದಾಟುವಷ್ಟರಲ್ಲಿ ಇಳಿದಿತ್ತು. ವಿಮಾನ ನಿಲ್ದಾಣ ಅಲ್ಲಿಯೇ ಇರುವುದು ಬೇರೆ ವಿಷಯ.

ಅವಳು ಬಂದದ್ದು ದಸರಾ ಮುಗಿದ ಮೇಲೆ, ಒಂದು ಲಗೇಜ್ ಆಟೋದಲ್ಲಿ. ಹಿಂದುಗಡೆ ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಏನೋ ಒಂದು ಮಲಗಿತ್ತು. ಅದರ ತಲೆಯ ಭಾಗವನ್ನು ಮಡಿಲಲ್ಲಿಟ್ಟುಕೊಂಡು, ಗುಂಡಿ ಬಂದಾಗೆಲ್ಲ ಎರಡೂ ಕೈಯಲ್ಲಿ ಒತ್ತಿಹಿಡಿದು ಕೂತಿದ್ದಳು. ನನ್ನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ ತಂಬಾಕು ವ್ಯಾಪಾರಿ ಚನ್ನಬಸವಣ್ಣ ಲೋಟ ಕೆಳಗಿಟ್ಟು, ಚಪ್ಪಲಿ ಬಿಟ್ಟು ಎದ್ದು ನಿಂತ.

ನಾನೂ ಹೋಗಿ ಮೆತ್ತಗೆ ಹೇಳಿದೆ. "ಅಮ್ಮಾ, ಆಸ್ಪತ್ರೆ ಮುಂದೆ ಇದೆ. ಇದು ರಿಪೇರಿ ಅಂಗಡಿ."

"ಗೊತ್ತು ಕಣಣ್ಣ. ರಿಪೇರಿಗೇ ತಂದಿರೋದು."

ಬೆಡ್‌ಶೀಟು ಸರಿಸಿದಳು. ಒಳಗೆ ಒಂದು ಔಟ್‌ಬೋರ್ಡ್ ಮೋಟಾರು. ದೋಣಿಯ ಹಿಂಭಾಗಕ್ಕೆ ಕಚ್ಚಿಸುವಂಥದ್ದು, ಎರಡು ಸಿಲಿಂಡರಿನದು, ನೀಲಿ ಬಣ್ಣ ಮಾಸಿ ಮೀನಿನ ಹೊಟ್ಟೆಯ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಅದರ ಪೆಟ್ರೋಲ್ ಟ್ಯಾಂಕು.

ಚನ್ನಬಸವಣ್ಣ ನಾಚಿಕೊಂಡು ಚಪ್ಪಲಿ ಮೆಟ್ಟಿಕೊಂಡ. ಅವಳಿಗೆ ನಗು ಬಂತು. ಇಡೀ ತುಟಿ ನಗಲಿಲ್ಲ, ಎಡಗಡೆಯ ತುದಿ ಮಾತ್ರ ಸ್ವಲ್ಪ ಮೇಲೆ ಹೋಗಿ, ಯಾರೋ ಬೈದಂತೆ ಹಿಂದಕ್ಕೆ ಬಂತು. ಆ ತುದಿಯನ್ನು ಮತ್ತೊಮ್ಮೆ ಮೇಲೆತ್ತಬೇಕು ಎಂದು ನಾನು ಆಗಲೇ ತೀರ್ಮಾನ ಮಾಡಿದೆ.

"ಇಂಥವು ಎಷ್ಟೋ ನೋಡಿದ್ದೀನಿ ಬುಡಿ. ಹಡಗಿನ ಎಂಜಿನ್ನೇ ಬಿಚ್ಚಿದೋನು ನಾನು."

"ಎಲ್ಲಿ?"

"ಮಂಗ್ಳೂರಲ್ಲಿ."

"ಯಾವಾಗ?"

"ಅದೇ... ಬೇಸಿಗೇಲಿ."

ತುಟಿಯ ತುದಿ ಮತ್ತೆ ಎದ್ದಿತು. ನಾನು ಗೆದ್ದೆ.

ಹೆಸರು ಮಧುಶ್ರೀ. ಕೋಟೆ ತಾಲ್ಲೂಕಿನ ಹಿನ್ನೀರಿನ ದಡದ ಊರು. ಆಚೆ ದಡದ ಜನರನ್ನು, ಅವರ ಹಾಲಿನ ಕ್ಯಾನುಗಳನ್ನು, ಸ್ಕೂಲಿನ ಮಕ್ಕಳನ್ನು ದಾಟಿಸುವ ದೋಣಿ ಅವಳದು. ಮೊದಲು ಅವಳ ಗಂಡ ಶರತ್ ಓಡಿಸುತ್ತಿದ್ದ. ಅವನು ಒಂದು ಜ್ವರದಲ್ಲಿ ಹೋಗಿ ಮೂರು ವರ್ಷ. ಆಮೇಲಿಂದ ಇವಳೇ.

"ಮೊದಲ್ನೇ ಎಳೆತಕ್ಕೇ ಸ್ಟಾರ್ಟ್ ಆಯ್ತದೆ. ಚೆನ್ನಾಗೇ ಓಡ್ತದೆ. ನೀರು ಮಧ್ಯ ಒಂದು ಒಣಮರ ಐತೆ, ಅಲ್ಲಿಗೆ ಹೋಗಿ ನಿಂತ್ಕತದೆ. ಒಂದ್ ಹೊತ್ತು ಬಿಟ್ರೆ ಮತ್ತೆ ಓಡ್ತದೆ."

"ಅಲ್ಲೇನಾ?"

"ಅಲ್ಲೇ." ಅವಳು ನನ್ನನ್ನು ನೋಡದೆ, ಮೋಟಾರನ್ನು ನೋಡುತ್ತ ಹೇಳಿದಳು. "ಜನ ಹತ್ತಕ್ಕೆ ಎದರ್ಕತಾವ್ರೆ. ರಿಪೇರಿ ಆಯ್ತದಾ, ಹೊಸದೇ ತರ್ಬೇಕಾ, ಅಷ್ಟು ಹೇಳಿ ಸಾಕು. ಸಮಾಧಾನಕ್ಕೆ ಅಂತ ಏನೂ ಹೇಳ್ಬೇಡಿ."

ಹಳೆಯ ಮೋಟಾರನ್ನು ಉಳಿಸುವುದೋ ಬಿಸಾಕುವುದೋ ಎಂದು ನೋಡಲು ಒಂದು ಕ್ರಮ ಇದೆ. ಪ್ಲಗ್ಗು ಬಿಚ್ಚಿ ಎರಡೂ ಸಿಲಿಂಡರಿಗೆ ಗೇಜು ಹಾಕಿ ಹಗ್ಗ ಎಳೆಯಬೇಕು. ಎರಡರ ಒತ್ತಡವೂ ಅಣ್ಣತಮ್ಮಂದಿರ ಹಾಗೆ ಹೆಚ್ಚುಕಡಿಮೆ ಸಮ ಇದ್ದರೆ ಜೀವ ಇದೆ ಎಂದರ್ಥ. ಒಂದು ಪೂರ್ತಿ ಬಿದ್ದುಹೋಗಿದ್ದರೆ ಒಳಗಡೆ ಗೋಡೆ ಕೆರೆದಿದೆ, ಬಿಚ್ಚಿ ಹೊಸ ಪಿಸ್ಟನ್ನು, ರಿಂಗು ಹಾಕಬೇಕು. ಹಳೇ ಮಾಡೆಲ್ಲಿಗೆ ಅವು ಸಿಗದೇ ಹೋದರೆ ಹೊಸ ಮೋಟಾರೇ ಗತಿ. ಕೆಳಗಿನ ಗೇರಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದು ತಿಳಿಯಬೇಕು. ಇಷ್ಟು ನೋಡಿದರೆ ಮೋಟಾರು ತನ್ನ ಕಥೆ ತಾನೇ ಹೇಳುತ್ತದೆ.

ಅವಳು ಹೋದ ಮೇಲೆ ಎಲ್ಲ ನೋಡಿದೆ. ಸಿಲಿಂಡರು ಎರಡೂ ಗಟ್ಟಿ. ಗೇರಿನ ಎಣ್ಣೆ ತಿಳಿ. ನೀರು ತುಂಬಿದ ಡ್ರಮ್ಮಿಗೆ ಇಳಿಸಿ, ನನ್ನ ಅಂಗಡಿಯ ಡಬ್ಬದಿಂದ ಪೆಟ್ರೋಲ್ ಕೊಟ್ಟೆ. ಚನ್ನಬಸವಣ್ಣ ಊಟ ಮಾಡಿ ಬರುವ ತನಕ ನಿಲ್ಲದೆ ಹಾಡಿತು. ಆಮೇಲೆ ಅವಳ ಟ್ಯಾಂಕಿಗೆ ಹಚ್ಚಿದೆ. ಸ್ವಲ್ಪ ಹೊತ್ತು ಓಡಿತು, ಕೆಮ್ಮಿತು, ನಿಂತಿತು. ಪೈಪಿನ ನಡುವೆ ಪೆಟ್ರೋಲ್ ಹಿಂಡಿ ಕಳಿಸಲು ಇರುವ ರಬ್ಬರ್ ಉಂಡೆ ಹಸಿದ ಹೊಟ್ಟೆಯ ಹಾಗೆ ಒಳಕ್ಕೆ ಅಂಟಿಕೊಂಡಿತ್ತು.

ಟ್ಯಾಂಕಿನ ಮುಚ್ಚಳ ನೋಡಿದೆ. ಅದರ ನೆತ್ತಿಯಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲು ಇಳಿದಷ್ಟೂ ಗಾಳಿ ಒಳಗೆ ಹೋಗಬೇಕು. ಇಲ್ಲಿ ತೂತೇ ಕಾಣಲಿಲ್ಲ. ಅರಿಶಿನ, ಗಂಧ, ಕುಂಕುಮ, ಅದರ ಮೇಲೆ ಎಣ್ಣೆ, ಮತ್ತೆ ಅರಿಶಿನ, ಪದರ ಪದರವಾಗಿ ಸಿಮೆಂಟಿನ ಹಾಗೆ ಕೂತಿತ್ತು. ಆಯುಧಪೂಜೆಯ ದಿನ ನಮ್ಮ ಕಡೆ ಯಾವ ಯಂತ್ರಕ್ಕೆ ಯಾವುದು ಹಣೆ ಎಂದು ಮನೆಯವರೇ ನಿಶ್ಚಯ ಮಾಡುತ್ತಾರೆ. ಬೈಕಿಗೆ ಹೆಡ್‌ಲೈಟು, ಪಂಪಿಗೆ ಅದರ ದುಂಡನೆಯ ಹೊಟ್ಟೆ. ಈ ಮನೆಯಲ್ಲಿ ಯಾರೋ ಟ್ಯಾಂಕಿನ ಮುಚ್ಚಳವೇ ಹಣೆ ಎಂದು ನಂಬಿ ವರ್ಷವರ್ಷವೂ ಭಕ್ತಿಯಿಂದ ಮೆತ್ತಿದ್ದರು.

ಒಂದು ಪಿನ್ನು ಚುಚ್ಚಿದ್ದರೆ ಮುಗಿಯುತ್ತಿತ್ತು. ಬಟ್ಟೆಪಿನ್ನು ಕೈಗೂ ತೆಗೆದುಕೊಂಡೆ. ಆಮೇಲೆ, ಅವಳು ಬರಲಿ, ಅವಳ ಎದುರಿಗೇ ಜಾದೂ ಮಾಡೋಣ ಎಂದು ಇಟ್ಟುಬಿಟ್ಟೆ. ಜಂಬ ನನ್ನನ್ನು ಯಾವಾಗಲೂ ಹೀಗೇ ಹಾಳು ಮಾಡುತ್ತದೆ.

ಮುಂದಿನ ವಾರ ಬಂದಳು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅವಳೇ ಕೇಳಿದಳು.

"ಅಣ್ಣ, ನಿಜ ಹೇಳಿ. ಇದು ಮಿಷನ್ನಾ, ಅವ್ರಾ?"

"ಯಾರು?"

"ಅವ್ರು." ಸ್ಟೂಲಿನ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮದ್ವೆ ಆದ ಹೊಸದ್ರಲ್ಲಿ ನನ್ನ ದೋಣೀಲಿ ಕೂರಿಸ್ಕಂಡು ಹೋಗಿ, ಆ ಮರದತ್ರ ಮೋಟಾರ್ ಆಫ್ ಮಾಡೋರು. ಮನೇಲಿ ಅತ್ತೆ, ಮೈದ, ಎಲ್ಲಾ ಇರ್ತಿದ್ರಲ್ಲ. ಮಾತಾಡಕ್ಕೆ ಜಾಗ ಅಂತ ಇದ್ದುದ್ದು ಅದೊಂದೇ. ಈಗ ಇದು ಅಲ್ಲೇ ನಿಲ್ತದೆ. ನಿಂತಾಗ ನಾನೂ ಮಾತಾಡ್ತೀನಿ. ಹಾಲಿನ ರೇಟು, ಅತ್ತೆ ಮಂಡಿನೋವು, ಏನೋ ಒಂದು. ಮಾತು ಮುಗಿದ್ಮೇಲೆ ಹಗ್ಗ ಎಳುದ್ರೆ ಸ್ಟಾರ್ಟ್ ಆಗ್ತದೆ."

ನನ್ನ ಜೇಬಿನಲ್ಲಿ ಪಿನ್ನು ಇತ್ತು. ಅದು ತೊಡೆಗೆ ಚುಚ್ಚುತ್ತಲೂ ಇತ್ತು. ಆದರೆ ಒಬ್ಬ ಹೆಣ್ಣುಮಗಳಿಗೆ, ನೀನು ಮೂರು ವರ್ಷ ಮಾತಾಡಿದ್ದು ಒಣಗಿದ ಅರಿಶಿನದ ಜೊತೆ ಎಂದು ಹೇಗೆ ಹೇಳುವುದು?

ಇದು ನನ್ನ ಒಳ್ಳೆಯ ಕಾರಣ. ಕೆಟ್ಟ ಕಾರಣವೂ ಒಂದಿತ್ತು. ಹೇಳಿದರೆ ಆವತ್ತೇ ಮೋಟಾರು ಆಟೋಗೆ ಹಾಕಿಕೊಂಡು ಹೋಗಿಬಿಡುತ್ತಾಳೆ.

"ಭಾರೀ ಕೇಸು ಇದು" ಎಂದೆ. "ಒಳಗಡೆ ಬೇರಿಂಗ್ ಹೋಗೈತೆ. ಕೊಚ್ಚಿಯಿಂದ ಬರ್ಬೇಕು. ಅಲ್ಲಿಲ್ಲ ಅಂದ್ರೆ ಜಪಾನಿಂದ. ಅಲ್ಲಿ ನಂಗೆ ಗೊತ್ತಿರೋರವ್ರೆ."

"ಜಪಾನಲ್ಲಾ?"

"ಫೋನಲ್ಲಿ ಕನ್ನಡದಾಗೇ ಮಾತಾಡ್ತಾರೆ."

ತುಟಿಯ ತುದಿ ಎದ್ದಿತು.

ಹೀಗೆ ಅವಳು ವಾರಕ್ಕೊಮ್ಮೆ ಕೋಟೆಯ ಬಸ್ಸಿನಲ್ಲಿ ಬಂದು ಹೋಗತೊಡಗಿದಳು. ಒಂದು ಸಲ ಕೊಚ್ಚಿಯಲ್ಲಿ ಸ್ಟ್ರೈಕು ಎಂದೆ. ಇನ್ನೊಂದು ಸಲ ಸಮುದ್ರದಲ್ಲಿ ಬಿರುಗಾಳಿ. ಅವಳು ಬಾಳೆ ಎಲೆಯಲ್ಲಿ ಹುರಿದ ಮೀನು ಕಟ್ಟಿಕೊಂಡು ಬರುತ್ತಿದ್ದಳು. ನಾನು ತಿನ್ನುವುದನ್ನು ನೇರವಾಗಿ ನೋಡುತ್ತಿರಲಿಲ್ಲ, ಗೋಡೆಯ ಮೇಲಿನ ಒಡೆದ ಕನ್ನಡಿಯಲ್ಲಿ ನೋಡುತ್ತಿದ್ದಳು. ಕನ್ನಡಿಯಲ್ಲಿ ನಾನೂ ಅವಳನ್ನು ನೋಡುತ್ತಿದ್ದೇನೆ ಎಂದು ಗೊತ್ತಾದ ದಿನ, ಮೀನಿನ ಮುಳ್ಳಿನ ಬಗ್ಗೆ ಏನೋ ಜೋರಾಗಿ ಮಾತಾಡತೊಡಗಿದಳು. ಮುಂದಿನ ವಾರದಿಂದ ಅವಳು ನನ್ನನ್ನು ಕರೆಯುತ್ತಿದ್ದ 'ಅಣ್ಣ' ಬಿದ್ದುಹೋಯಿತು. ಯಾವ ಸ್ಪ್ಯಾನರಿಗೂ ಬಿಚ್ಚಲಾಗದ ನಟ್ಟು ಅದು, ತಾನಾಗಿ ಕಳಚಿತ್ತು.

ಆದರೆ ಅವಳು ಹೋದ ಮೇಲೆ ಅಂಗಡಿಯಲ್ಲಿ ನಾನು ಒಬ್ಬನೇ ಇರುತ್ತಿರಲಿಲ್ಲ.

ಮೋಟಾರು ಮೂಲೆಯ ಸ್ಟ್ಯಾಂಡಿಗೆ ಕಚ್ಚಿಕೊಂಡು ನಿಂತಿರುತ್ತಿತ್ತು. ಸಂಜೆ ಷಟರ್ ಎಳೆಯುವಾಗ ಒಳಗಿನಿಂದ ಬಿಸಿ ಲೋಹ ತಣ್ಣಗಾಗುವಾಗ ಬರುವ ಟಿಕ್ ಟಿಕ್ ಸದ್ದು. ಆ ದಿನ ನಾನು ಅದನ್ನು ಸ್ಟಾರ್ಟೇ ಮಾಡಿರುತ್ತಿರಲಿಲ್ಲ. ನೆಲ ಒಣಗಿದ್ದರೂ ಅದರ ಸುತ್ತ ಹಸಿ ಮಣ್ಣಿನ, ಕೊಳೆತ ಬೇರಿನ ಹಿನ್ನೀರಿನ ವಾಸನೆ. ಒಂದು ದಿನ ಅದರ ಹಿಡಿಯನ್ನು ಹಿಡಿದೆ. ರಬ್ಬರು ವರ್ಷಗಟ್ಟಲೆ ಒಬ್ಬನದೇ ಅಂಗೈಗೆ ಸವೆದು ಹಳ್ಳ ಬಿದ್ದಿತ್ತು. ನನ್ನ ಹೆಬ್ಬೆರಳು ಹೋಗಿ ಸರಿಯಾಗಿ ಶರತ್‌ನ ಹೆಬ್ಬೆರಳಿನ ಗುಳಿಯಲ್ಲಿ ಕೂತಿತು. ಯಾರೋ ಕೈ ಕುಲುಕಿದ ಹಾಗಾಯಿತು. ಕೈ ತೆಗೆದೆ. ಅಷ್ಟು ಜೋರಾಗಿ ತೆಗೆದೆ ಎಂದರೆ ಹಿಂದಿದ್ದ ಆಯಿಲ್ ಡಬ್ಬ ಉರುಳಿತು.

ಹೆದರಿಕೆ ಅಂತಲ್ಲ. ಹೆದರಿಕೆ ನನಗೆ ಹುಟ್ಟಿನಿಂದಲೇ ಇಲ್ಲ. ಆ ಸಂಜೆ ದೀಪ ಆರಿಸದೆ ಷಟರ್ ಎಳೆದದ್ದು ಬೇರೆ ಏನಕ್ಕೋ.

ಒಂದು ದಿನ ಅವಳು ಮೀನು ತರಲಿಲ್ಲ.

"ಇವತ್ತು ಏನಾದ್ರೂ ಒಂದು ಹೇಳ್ಬುಡಿ" ಎಂದಳು. "ಆಚೆ ದಡದೋರು ರಸ್ತೆ ಸುತ್ಕೊಂಡು ಓಡಾಡ್ತಾವ್ರೆ. ಮೈದ ಚಂದು, ಹಳೇದು ಗುಜರಿಗೆ ಹಾಕಿ ಹೊಸ ಮೋಟಾರ್ ತರ್ತೀನಿ, ನಾನೇ ಓಡಿಸ್ತೀನಿ, ಅತ್ತಿಗೆ ಮನೇಲಿರ್ಲಿ ಅಂತಾವ್ನೆ. ಹಳೇದು ರಿಪೇರಿ ಆದ್ರೆ ದೋಣಿ ನಂದು. ಹೊಸದು ಬಂದ್ರೆ ಅವ್ನದು. ನಂಗೆ ಇರೋದು ಅದೊಂದೇ ಕೆಲ್ಸ ಮಹೇಶ್ ಅವ್ರೆ. ಅದಿಲ್ಲ ಅಂದ್ರೆ ಪಿರಿಯಾಪಟ್ಣಕ್ಕೆ ಅಪ್ಪನ ಮನೆಗೆ ಹೋಗ್ಬೇಕಾಯ್ತದೆ."

ಪಿರಿಯಾಪಟ್ಟಣ. ಹುಣಸೂರಿನ ಪಕ್ಕದಲ್ಲೇ. ನನ್ನ ತಲೆ ಆ ಕ್ಷಣದಲ್ಲಿ ಮಾಡಿದ ಲೆಕ್ಕವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಮೋಟಾರು ಹೋದರೆ ಮರ ಹೋಗುತ್ತದೆ. ಮರ ಹೋದರೆ ಅವನು ಹೋಗುತ್ತಾನೆ.

"ಆಗಲ್ಲ" ಎಂದೆ. "ಹೊಸದೇ ತರ್ಬೇಕು."

ಸುಳ್ಳಿಗೆ ಸಾಕ್ಷಿ ಬೇಕಲ್ಲ, ನಾನು ಕಪಾಟಿಗೆ ಕೈ ಹಾಕಿ ಒಂದು ಪಿಸ್ಟನ್ ತೆಗೆದು ಅವಳ ಮುಂದಿಟ್ಟೆ. ಮೈಯೆಲ್ಲ ಗೀರು, ಒಂದು ಕಡೆ ಸುಟ್ಟು ಕಪ್ಪಾಗಿತ್ತು. "ನೋಡಿ, ಇದೇ ಒಳಗಿದ್ದುದು. ಬಿಸಿ ಏರ್ತಿದ್ದಂಗೆ ಕಚ್ಕತದೆ. ಅದ್ಕೇ ಅಷ್ಟು ದೂರಕ್ಕೆ ಸರಿಯಾಗಿ ನಿಲ್ತಿತ್ತು. ಇದಕ್ಕೆ ಪಾರ್ಟ್ಸ್ ಇನ್ನೆಲ್ಲೂ ಸಿಗಲ್ಲ."

"ಹಂಗಾದ್ರೆ ಮಿಷನ್ನೇ."

"ಮಿಷನ್ನೇ."

ಅವಳು ಅಳಲಿಲ್ಲ. ಪಿಸ್ಟನ್ ಕೈಗೆತ್ತಿಕೊಂಡು, ಗೀರುಗಳ ಮೇಲೆ ಬೆರಳಾಡಿಸಿದಳು. ಅವಳ ಕೈಯೆಲ್ಲ ಮಸಿಯಾಯಿತು. "ಇದನ್ನ ನಾನು ತಗಂಡೋಗ್ಲಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೆರಗಿನಲ್ಲಿ ಸುತ್ತಿಕೊಂಡಳು.

ಬಾಗಿಲಿಗೆ ಹೋದವಳು ತಿರುಗಿದಳು. "ಗುಜರಿಗೆ ಹಾಕೋ ಮುಂಚೆ ಒಂದ್ಸಲ ನೀರಿಗೆ ಬಿಡ್ಬೇಕು. ಕೊನೇ ಸಲ. ಆಯ್ತದಾ?"

"ಆಯ್ತದೆ. ಬೇರೆ ಹಳೇ ಪಿಸ್ಟನ್ ಒಂದು ಸಾಲ ತಂದು ಹಾಕಿರ್ತೀನಿ" ಎಂದೆ. ಸುಳ್ಳಿನ ಮೇಲೆ ಸುಳ್ಳು, ಮುಚ್ಚಳದ ಮೇಲಿನ ಅರಿಶಿನದ ಹಾಗೆ.

"ನೀವೂ ಬರ್ಬೇಕು."

ನಾನು ಈಜುವುದರಲ್ಲಿ ಎಷ್ಟು ಗಟ್ಟಿಗ ಎಂದು ಆಗಾಗ ಅವಳಿಗೆ ಹೇಳಿದ್ದೆ. ಕೆ.ಆರ್. ನಗರದ ಹತ್ತಿರ ಕಾವೇರಿಯ ಪ್ರವಾಹದಲ್ಲಿ ಒಂದು ಎಮ್ಮೆಯನ್ನು ಹೆಗಲ ಮೇಲೆ ಹೊತ್ತು ದಡ ಸೇರಿಸಿದ್ದು ಕೂಡ. ಈಗ ಬರುವುದಿಲ್ಲ ಎನ್ನುವ ಹಾಗಿರಲಿಲ್ಲ.

ಹೋದದ್ದು ಇಳಿಹೊತ್ತಿನಲ್ಲಿ. ಚಳಿಗಾಲ, ಹಿನ್ನೀರು ತುಂಬಿ ನಿಂತಿತ್ತು. ಅಣೆಕಟ್ಟು ಕಟ್ಟಿದಾಗ ನೀರಲ್ಲಿ ನಿಂತು ಸತ್ತ ಮರಗಳು ದೂರದವರೆಗೆ ಬೂದುಬಣ್ಣದ ಕೈಗಳನ್ನೆತ್ತಿಕೊಂಡು ನಿಂತಿದ್ದವು. ಪ್ರತಿಯೊಂದರ ತುದಿಯಲ್ಲೂ ಒಂದೊಂದು ನೀರುಕಾಗೆ, ರೆಕ್ಕೆ ಬಿಚ್ಚಿಕೊಂಡು, ಅಲ್ಲಾಡದೆ.

ದಡದಲ್ಲಿ ಅವಳ ಅತ್ತೆ ಮಾರಮ್ಮ ಕಾಯುತ್ತಿದ್ದರು. ಮಂಡಿ ಹಿಡಿದುಕೊಂಡು ದೋಣಿಗೆ ಬಗ್ಗಿ, ತಟ್ಟೆಯಿಂದ ಹಸಿ ಅರಿಶಿನ ತೆಗೆದು ಟ್ಯಾಂಕಿನ ಮುಚ್ಚಳದ ಮೇಲೆ ದಪ್ಪಗೆ ಮೆತ್ತಿ, ನಡುವೆ ಕುಂಕುಮ ಇಟ್ಟರು. ಮಗುವಿನ ಹಣೆ ಸವರುವ ಹಾಗೆ.

"ಉಸಾರು ಕಣಪ್ಪ" ಎಂದರು ನನಗೆ. "ಮರದತ್ರ ನಮ್ಮುಡ್ಗ ನಿಲ್ಲುಸ್ತಾನೆ. ಬೈಬ್ಯಾಡ ಅವನ್ನ. ಒಸಿ ಒತ್ತು ಕುಂತ್ಕೊಂಡು ಬನ್ನಿ."

ನಾನು ಕಣ್ಣೆದುರಿಗೇ ಅದನ್ನು ನೋಡಿದೆ. ಬಾಯಿ ತೆರೆಯಲಿಲ್ಲ. ಮೋಟಾರು ನಿಂತರೆ ತಾನೇ ನನ್ನ ಮಾತು ನಿಜವಾಗುವುದು?

ಮಧುಶ್ರೀ ಹಿಂದೆ ಕೂತು ಹಗ್ಗ ಎಳೆದಳು. ಒಂದೇ ಎಳೆತ. ದೋಣಿ ಮುನ್ನುಗ್ಗಿತು. ಅಂಗಡಿಯ ಸ್ಟೂಲಿನ ಮೇಲೆ ಮುದುಡಿ ಕೂರುತ್ತಿದ್ದ ಹೆಂಗಸು ಇವಳೇನಾ ಎನಿಸಿತು. ಒಂದು ಕೈಯಲ್ಲಿ ಹಿಡಿ, ಬೆನ್ನು ನೆಟ್ಟಗೆ, ಗಾಳಿಗೆ ಮುಂಗುರುಳು ಬಾಯಿಗೆ ಬಂದರೂ ಸರಿಸದೆ, ಮರದ ಮೋಟುಗಳ ನಡುವೆ ಕಣ್ಣಲ್ಲೇ ದಾರಿ ಬರೆದುಕೊಂಡು ಹೋಗುತ್ತಿದ್ದಳು. ಅವಳ ಹೆಬ್ಬೆರಳು ಆ ಗುಳಿಯಲ್ಲಿತ್ತು. ಇದನ್ನು ನಾನು ಕಿತ್ತು ಚಂದುವಿಗೆ ಕೊಡಲು ಹೊರಟಿದ್ದೆ.

"ಭಯಾನಾ?" ಎಂದಳು. ನಾನು ದೋಣಿಯ ಎರಡೂ ಅಂಚು ಹಿಡಿದುಕೊಂಡಿದ್ದೆ.

"ಚಳಿ."

ಮೋಟಾರು ಕೆಮ್ಮಿತು. ಒಮ್ಮೆ, ಮತ್ತೊಮ್ಮೆ. ಆಮೇಲೆ ನಿಂತಿತು.

ಸದ್ದು ನಿಂತ ಮೇಲೆ ಹಿನ್ನೀರಿನಲ್ಲಿ ಬರುವ ನಿಶ್ಶಬ್ದ ಎಂಥದ್ದೆಂದು ಹೇಗೆ ಹೇಳಲಿ? ಕಿವಿಯೊಳಗೆ ಯಾರೋ ಬಂದು ಕೂತ ಹಾಗೆ. ದೋಣಿ ತಾನಾಗಿ ಸ್ವಲ್ಪ ಜಾರಿ, ಒಣಮರಕ್ಕೆ ಮೆತ್ತಗೆ ತಾಗಿ, ಅಲ್ಲೇ ತೂಗತೊಡಗಿತು. ತೊಗಟೆಯಿಲ್ಲದ ಮರ, ಮೂಳೆಯಷ್ಟು ಬಿಳುಪು. ನೀರಿನ ಮಟ್ಟದಲ್ಲಿ ಹಗ್ಗ ಉಜ್ಜಿ ಸವೆದ ಗುರುತು. ಇಲ್ಲಿ ಅವನು ದೋಣಿ ಕಟ್ಟುತ್ತಿದ್ದ.

ಇದು ಅರಿಶಿನ ಎಂದು ಇಡೀ ಪ್ರಪಂಚದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೂ ನನ್ನ ಕತ್ತಿನ ಹಿಂದೆ ಯಾರೋ ನಿಂತಿದ್ದರು. ತಿರುಗಿ ನೋಡಲಿಲ್ಲ.

ಮಧುಶ್ರೀ ಬುಟ್ಟಿಯಿಂದ ಒಂದು ಗಂಟು ತೆಗೆದಳು. ಬಿಳಿ ಬಟ್ಟೆ, ಒಳಗೆ ಸೇವಂತಿಗೆ, ಅದರ ನಡುವೆ ಆ ಪಿಸ್ಟನ್. ತೊಳೆದು, ಒರೆಸಿ, ವಿಭೂತಿ ಹಚ್ಚಿದ್ದಳು.

"ರೀ" ಎಂದಳು. ನನಗಲ್ಲ, ಮರಕ್ಕೆ. "ಅಸ್ತಿ ಬಿಡಕ್ಕೆ ಗಂಡಸರೇ ಹೋದ್ರು. ನನ್ನ ಕರ್ಕಂಡೋಗ್ಲಿಲ್ಲ. ನಿಮ್ಮ ಕಡೇ ಕೆಲ್ಸ ನನ್ನ ಕೈಯಿಂದ ಆಗ್ಲೇ ಇಲ್ಲ. ಇವತ್ತು ಇದನ್ನ ಬಿಡ್ತಾವ್ನಿ. ಇಷ್ಟು ದಿನ ನಿಲ್ಸಿದ್ದು ನೀವೇ ಅಂದ್ಕಂಡಿದ್ದೆ, ಇದಂತೆ. ಮೋಟಾರ್ ಇನ್ನಾಗಲ್ವಂತೆ. ಇವ್ರು ಹೇಳಿದ್ರು. ಮಾತು ಜಾಸ್ತಿ ಆಡ್ತಾರೆ, ಎಮ್ಮೆ, ಹಡಗು, ಜಪಾನು ಅಂತ. ಆದ್ರೆ ಮಿಷನ್ ವಿಷ್ಯದಲ್ಲಿ ಸುಳ್ಳು ಹೇಳೋರಲ್ಲ."

ಎರಡೂ ಕೈಯಲ್ಲಿ ಹಿಡಿದು ನೀರಿನ ಮೇಲೆ ಬಗ್ಗಿದಳು.

"ಬಿಡ್ಬೇಡಿ!"

ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ನೀರುಕಾಗೆಗಳೆಲ್ಲ ಒಟ್ಟಿಗೆ ಎದ್ದವು. ದೋಣಿ ಓಲಾಡಿತು.

"ಬಿಡ್ಬೇಡಿ. ಅದು... ಅದು ಇದರ ಪಿಸ್ಟನ್ ಅಲ್ಲ."

"ಮತ್ತೆ?"

"ಚನ್ನಬಸವಣ್ಣನ ಹಳೇ ಬೈಕಿಂದು."

ಅವಳು ಕೈಯಲ್ಲಿದ್ದ ಸೇವಂತಿಗೆಯನ್ನು, ವಿಭೂತಿಯನ್ನು, ಚನ್ನಬಸವಣ್ಣನ ಬೈಕಿನ ಪಿಸ್ಟನ್ನನ್ನು ನೋಡಿದಳು. ಆಮೇಲೆ ನನ್ನನ್ನು. ಆ ನೋಟವನ್ನು ಎಷ್ಟು ದೊಡ್ಡದು ಮಾಡಿ ಬರೆದರೂ ಅದು ಇದ್ದಷ್ಟು ದೊಡ್ಡದಾಗುವುದಿಲ್ಲ.

"ಇದ್ರದ್ದು ಎಲ್ಲೈತೆ?"

"ಒಳಗೇ ಐತೆ. ನಾನು ಬಿಚ್ಚೇ ಇಲ್ಲ."

"ಮತ್ತೆ ಯಾಕೆ ನಿಲ್ತದೆ?"

ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿ ಸಡಿಲಿಸಿದೆ. ಸುಸ್ಸ್... ಎಂದು ಗಾಳಿ ಒಳಗೆ ಹೋಯಿತು. ಯಾರೋ ಬಹಳ ಹೊತ್ತಿನಿಂದ ಹಿಡಿದಿಟ್ಟ ಉಸಿರು ಬಿಟ್ಟ ಹಾಗೆ. ಅವಳು ಎದೆಗೆ ಕೈ ಒತ್ತಿಕೊಂಡಳು. ನನ್ನ ಬೆರಳಿಗೆ ಹಸಿ ಅರಿಶಿನ ಅಂಟಿತ್ತು.

"ಇದಕ್ಕೆ ಗಾಳಿ ಬೇಕು. ತೂತು ಮುಚ್ಚೋಗೈತೆ. ಟ್ಯಾಂಕು ಒಳಗಿಂದ ಪೆಟ್ರೋಲ್ನ ಬಿಡಲ್ಲ. ಇಲ್ಲಿಗೆ ಬರೋ ಹೊತ್ಗೆ ಉಸಿರು ಕಟ್ತದೆ. ನೀವು ಮಾತಾಡೋ ಅಷ್ಟೊತ್ತಿಗೆ ಸಂದೀಲಿ ಒಸಿ ಗಾಳಿ ಹೋಗಿರ್ತದೆ, ಸ್ಟಾರ್ಟ್ ಆಗ್ತದೆ."

"ಯಾವತ್ತು ಗೊತ್ತಾಯ್ತು ನಿಮ್ಗೆ?"

"ಮೊದಲ್ನೇ ದಿನ."

"ಕೊಚ್ಚಿ?"

"ಸುಳ್ಳು."

"ಹೊಸದೇ ತರ್ಬೇಕು ಅಂದಿದ್ದು?"

"ಅದೂನೂ."

"ಯಾಕೆ?"

ಬಾಯಿ ತೆರೆದೆ. ಯಾವ ಸಂದರ್ಭಕ್ಕೂ ಒಂದು ಕಥೆ ಸಿದ್ಧವಾಗಿರುವ ಬಾಯಿ ಇದು. ಈ ಸಲ ನಿಜ ಬಂತು. "ನೀವು ಬರೋದು ನಿಂತೋಯ್ತದೆ ಅಂತ" ಎಂದೆ. "ಆಮೇಲೆ... ಇವ್ರು ಹೋಗ್ಲಿ ಅಂತ. ಇವ್ರಿರೋ ತಂಕ ನಂಗೆ ಜಾಗ ಇಲ್ಲ ಅನ್ನುಸ್ತು. ನಿಮ್ಮ ದೋಣಿ ಹೋದ್ರೂ ಪರ್ವಾಗಿಲ್ಲ ಅಂದ್ಕಂಡೆ. ತಪ್ಪಾಯ್ತು ಅನ್ನಕ್ಕೂ ನಾಚ್ಕೆ ಆಯ್ತದೆ."

ಬೆಳಕು ನೀರಿನ ಮೇಲಿಂದ ಒಂದೊಂದೇ ಮರ ದಾಟಿ ಹಿಂದಕ್ಕೆ ಹೋಗುತ್ತಿತ್ತು.

"ಹಂಗಾದ್ರೆ ಮೂರೊರ್ಸ ಇಲ್ಲಿ ಕೂತ್ಕಂಡು ಯಾರತ್ರ ಮಾತಾಡ್ದೆ ನಾನು?"

ಅದು ಸಿಟ್ಟಿನ ಪ್ರಶ್ನೆಯಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು.

"ಪೆಟ್ರೋಲ್ ನಿಲ್ಸಿದ್ದು ಅರಿಶಿನ" ಎಂದೆ. "ಅಷ್ಟು ನಂಗೊತ್ತು. ಮಾತಾಡಿದ್ದು ನೀವು. ಕೇಳಿಸ್ಕಂಡಿದ್ದು ಯಾರು ಅಂತ ನಾನ್ಯಾವ ಗೇಜ್ ಹಾಕಿ ನೋಡ್ಲಿ? ಮಿಷನ್ ವಿಷ್ಯ ಅಲ್ಲ ಅದು. ನಂಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಮಾತನ್ನು ನಾನು ಬದುಕಿನಲ್ಲಿ ಹೇಳಿದ್ದು ಅದೇ ಮೊದಲು. ಅವಳು ತಲೆಯೆತ್ತಿದಳು. ನಾನು ನಿಜ ಹೇಳುವಾಗ ಮುಖ ಹೇಗಿರುತ್ತದೆ ಎಂದು ನೋಡುವವಳ ಹಾಗೆ ನೋಡಿದಳು.

ಪಿಸ್ಟನ್ನನ್ನು ನನ್ನ ತೊಡೆಯ ಮೇಲೆ ಇಟ್ಟಳು. ಹೂವನ್ನು ಮಾತ್ರ ನೀರಿಗೆ ಬಿಟ್ಟಳು. ಆಮೇಲೆ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು, ಕುಂಕುಮದ ನಡುವೆ ತುದಿ ಇಟ್ಟು ಮೆತ್ತಗೆ ತಿರುವಿದಳು. ಹಸಿ ಅರಿಶಿನ ಮೊದಲು ಬಂತು. ಆಮೇಲೆ ಈ ಸಲದ ದಸರಾದ್ದು. ಆಮೇಲೆ ಅದರ ಹಿಂದಿನದು, ಗಟ್ಟಿಯಾಗಿ, ಪುಡಿಪುಡಿಯಾಗಿ. ನಾನು ಸಹಾಯಕ್ಕೆ ಕೈ ಚಾಚಿದೆ. "ಬೇಡ" ಎಂದಳು. ಅರಿಶಿನದ ಪುಡಿ ನೀರಿನ ಮೇಲೆ ಹೂವಿನ ಹಿಂದೆಯೇ ತೇಲುತ್ತ ಹೋಯಿತು. ಕೊನೆಗೆ ಮುಚ್ಚಳವನ್ನು ಕಣ್ಣಿಗೆ ಹಿಡಿದು, ತೂತಿನೊಳಗಿಂದ ಒಂದು ಚೂರು ಆಕಾಶ ಕಾಣುತ್ತದೆಯೇ ಎಂದು ನೋಡಿದಳು.

ಮರಕ್ಕೆ ಕೈ ಮುಟ್ಟಿಸಿ, "ಹೋಯ್ತೀನಿ ಕಣ್ರೀ" ಎಂದಳು. ಹೊರಡುವವರು ಬರ್ತೀನಿ ಎನ್ನುವುದು ನಮ್ಮ ವಾಡಿಕೆ. ಹೋಗ್ತೀನಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಗ್ಗ ಎಳೆದಳು. ಮರ ಹಿಂದಾಯಿತು. ಇನ್ನೊಂದು ಮರ ಬಂತು, ಅದೂ ಹಿಂದಾಯಿತು. ಮೋಟಾರು ಕೆಮ್ಮಲಿಲ್ಲ. ಅವಳ ಕೆನ್ನೆಯ ಮೇಲೆ ನೀರಿತ್ತು, ಹಿನ್ನೀರಿನ ಹನಿಯೋ ಏನೋ, ನಾನು ಕೇಳಲಿಲ್ಲ.

ಆಚೆ ದಡ ಮುಟ್ಟಿ ಮತ್ತೆ ಈಚೆಗೆ ತಿರುಗುವಾಗ ಅವಳು ಸದ್ದಿನ ಮೇಲೆ ಕೂಗಿ ಕೇಳಿದಳು. "ಈಗ ಸುಳ್ಳಿಲ್ದೆ ಹೇಳಿ. ರಿಪೇರಿನಾ, ಹೊಸದಾ?"

"ಎರಡೂ ಬೇಡ. ಇನ್ನೂ ಎಷ್ಟೋ ವರ್ಸ ಬತ್ತದೆ. ಅರಿಶಿನ ಮೋಟಾರ್ ತಲೆಗೆ ಇಡಿ ಅಂತ ಅಮ್ಮಂಗೆ ಹೇಳಿ. ಮುಚ್ಚಳಕ್ಕೆ ಬೇಡ."

"ಅತ್ತೆಗೆ ನಿಂತಿದ್ಯಾಕೆ ಅಂತ ನಾನು ಹೇಳಲ್ಲ. ನೀವೂ ಹೇಳ್ಬಾರ್ದು. ಸುಳ್ಳು ಬರ್ತದಲ್ಲ ನಿಮ್ಗೆ, ಅಲ್ಲಿ ಉಪಯೋಗ್ಸಿ."

"ಆಯ್ತು."

"ಮೋಟಾರ್‌ಗೆ ಕಾಯ್ಲೆ ಇಲ್ಲ. ಇನ್ನು ನಾನ್ಯಾಕೆ ಹುಣಸೂರಿಗೆ ಬರ್ಲಿ?"

"ನೀವು ಬರ್ಬೇಡಿ. ನಾನೇ ಬತ್ತೀನಿ ಇಲ್ಲಿಗೆ."

"ಈಜು ಬರ್ತದಾ?"

ಎಮ್ಮೆ ನಾಲಿಗೆಯ ತುದಿಗೆ ಬಂತು. "ಇಲ್ಲ" ಎಂದೆ. "ನೀರು ಕಂಡ್ರೆ ಕೈಕಾಲು ಬಿದ್ದೋಯ್ತವೆ."

ತುಟಿಯ ಎಡತುದಿ ಎದ್ದಿತು. ಈ ಸಲ ಹಿಂದಕ್ಕೆ ಬರಲಿಲ್ಲ. ಬಲತುದಿಯೂ ಜೊತೆಗೆ ಹೋಯಿತು.

ಇಲ್ಲಿಗೆ ಅವಳು ನನ್ನ ಎದೆಗೊರಗಿದಳು, ಹಿನ್ನೀರಿನ ಆನೆಗಳೆಲ್ಲ ಸೊಂಡಿಲೆತ್ತಿ ಹರಸಿದವು ಎಂದು ಮುಗಿಸುವುದು ನನ್ನ ಪದ್ಧತಿ. ಚನ್ನಬಸವಣ್ಣನಿಗೆ ಹಾಗೆಯೇ ಹೇಳಿದ್ದೇನೆ. ನಿಜ ಇಷ್ಟೇ. ದೆವ್ವವನ್ನು ನಾನು ಬಿಚ್ಚಲಿಲ್ಲ. ಡ್ರಾಯರಿನಲ್ಲಿ ಯಾವ ವಾಷರೂ ಇಲ್ಲ. ಬಿಚ್ಚಿದ್ದು ಅವಳು, ಕಟ್ಟಿಹಾಕಲು ನೋಡಿದ್ದು ನಾನು. ಮದುವೆಯ ಮಾತು ಎತ್ತಿದಾಗ ಅವಳು "ನೋಡಾನ" ಎಂದಿದ್ದಾಳೆ. ಆ ನೋಡಾನ ಇನ್ನೂ ನಡೆಯುತ್ತಿದೆ. ಭಾನುವಾರ ಅಂಗಡಿಗೆ ಬೀಗ ಹಾಕಿ ಕೋಟೆಯ ಬಸ್ಸು ಹತ್ತಿ ಹೋಗಿ, ಹಾಲಿನ ಕ್ಯಾನುಗಳ ನಡುವೆ ಎರಡೂ ಅಂಚು ಹಿಡಿದುಕೊಂಡು ಆಚೆ ದಡಕ್ಕೆ ಹೋಗಿ ಬರುತ್ತೇನೆ.

ಒಣಮರ ದಾಟುವಾಗ ಅವಳು ವೇಗ ಕಡಿಮೆ ಮಾಡುವುದಿಲ್ಲ. ನಾನೇ, ಅವಳಿಗೆ ಕಾಣದ ಹಾಗೆ, ಆ ಕಡೆಗೆ ಒಂದು ಸಲ ತಲೆ ಬಾಗಿಸುತ್ತೇನೆ.

ಕಾಣದ ಹಾಗೆ ಎಂದೆನಲ್ಲ, ಅದೂ ಸುಳ್ಳು. ಕಳೆದ ವಾರ ಹಿಂದಿನಿಂದ ಕೇಳಿದಳು, "ಕತ್ತು ನೋವಾ?"

"ಇಲ್ಲ" ಎಂದೆ. "ಅವ್ರಿಗೆ ನಮಸ್ಕಾರ ಮಾಡ್ದೆ."

ಅವಳು ನನ್ನ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದರಲ್ಲಿ ದೋಣಿ ನಡೆಸಿದಳು.